ಬೇಸ್‌ಬಾಲ್ ಮ್ಯಾನೇಜರ್ ಬದಲಾದರೆ ತಂಡದ ಹಣೆಬರಹ ಬದಲಾಗುತ್ತಾ?

ಷಿಕಾಗೋ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಬೇಸ್‌ಬಾಲ್ ನೋಡುವವರು ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಒಬ್ಬ ಮ್ಯಾನೇಜರ್ ತಂಡದ ಸೋಲು ಗೆಲುವನ್ನು ನಿಜವಾಗಿ ಎಷ್ಟು ಬದಲಾಯಿಸಬಲ್ಲ?

ನನ್ನ ತಲೆ ತಿನ್ನುತ್ತಿರುವುದು ನಮ್ಮ ಕಬ್ಸ್ ತಂಡದ ಕಥೆ. 2023ರ ನವೆಂಬರ್‌ನಲ್ಲಿ ಮಿಲ್ವಾಕೀ ಬ್ರೂವರ್ಸ್ ಬಿಟ್ಟ ಕ್ರೇಗ್ ಕೌನ್ಸೆಲ್ ಅವರನ್ನು ಕರೆತಂದರು. 5 ವರ್ಷಕ್ಕೆ 4 ಕೋಟಿ ಡಾಲರ್. ಮ್ಯಾನೇಜರ್ ಒಬ್ಬರಿಗೆ ಅಷ್ಟು ದುಡ್ಡು ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ಆ ವರ್ಷ ಡೇವಿಡ್ ರಾಸ್ ಕೈಯಲ್ಲಿ ಕಬ್ಸ್ 83 ಗೆದ್ದು 79 ಸೋತಿತ್ತು. ಕೌನ್ಸೆಲ್ ಬಂದಮೇಲೆ 2024ರಲ್ಲಿ ಎಷ್ಟು ಗೊತ್ತಾ? ಅದೇ 83, ಅದೇ 79. ಒಂದು ಪಂದ್ಯವೂ ಹೆಚ್ಚು ಕಡಿಮೆ ಆಗಲಿಲ್ಲ.

ಅತ್ತ ಬ್ರೂವರ್ಸ್ ನೋಡಿ. ಕೌನ್ಸೆಲ್ ಹೋದರು. ಮುಖ್ಯ ಪಿಚರ್ (ಚೆಂಡು ಎಸೆಯುವವ) ಕಾರ್ಬಿನ್ ಬರ್ನ್ಸ್ ಅವರನ್ನು ಬಾಲ್ಟಿಮೋರ್‌ಗೆ ಕೊಟ್ಟುಬಿಟ್ಟರು. ಬ್ರ್ಯಾಂಡನ್ ವುಡ್ರಫ್ ಭುಜದ ಆಪರೇಷನ್ ಆಗಿ ಇಡೀ ವರ್ಷ ಆಡಲೇ ಇಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಬೆಂಚ್ ಕೋಚ್ ಪ್ಯಾಟ್ ಮರ್ಫಿ ಮ್ಯಾನೇಜರ್ ಆದರು. 2023ರಲ್ಲಿ 92 ಗೆದ್ದಿದ್ದ ತಂಡ 2024ರಲ್ಲಿ 93 ಗೆದ್ದಿತು. 2025ರಲ್ಲಿ 97, ಆ ವರ್ಷ ಅದಕ್ಕಿಂತ ಹೆಚ್ಚು ಗೆದ್ದ ತಂಡ ಇನ್ನೊಂದಿಲ್ಲ. ಆಮೇಲೆ ಅಕ್ಟೋಬರ್‌ ನಾಕ್‌ಔಟ್ ಸುತ್ತಿನಲ್ಲಿ ನಮ್ಮನ್ನೇ 3-2ರಿಂದ ಮನೆಗೆ ಕಳಿಸಿದರು.

ಹಾಗಾದರೆ ಆ 4 ಕೋಟಿ ಯಾವುದಕ್ಕೆ? ತಿಳಿದವರು ಹೇಳಿ.

ಲೆಕ್ಕಾಚಾರ:
ಸರ್, ನನ್ನ ಅಂದಾಜು ನೇರವಾಗಿ ಹೇಳುತ್ತೇನೆ. ಪಂದ್ಯದೊಳಗಿನ ತೀರ್ಮಾನಗಳಿಂದ 162 ಪಂದ್ಯಕ್ಕೆ ಒಂದೆರಡು ಗೆಲುವು ಆಚೀಚೆ ಆಗಬಹುದು. ಅದಕ್ಕಿಂತ ಜಾಸ್ತಿ ಇಲ್ಲ.

ಬ್ಯಾಟಿಂಗ್ ಕ್ರಮದ ಬಗ್ಗೆ ಟಿವಿಯಲ್ಲಿ ಗಂಟೆಗಟ್ಟಲೆ ಕಿತ್ತಾಡುತ್ತಾರಲ್ಲ, ಅದನ್ನೇ ತಗೊಳ್ಳಿ. ಒಂಬತ್ತು ಜನ ಸರದಿಯಲ್ಲಿ ಬಂದೇ ಬರುತ್ತಾರೆ. ಒಬ್ಬನನ್ನು ಒಂದು ಸ್ಥಾನ ಕೆಳಗಿಳಿಸಿದರೆ ಅವನಿಗೆ ಇಡೀ ವರ್ಷದಲ್ಲಿ ಸುಮಾರು 18 ಸಲ ಬ್ಯಾಟಿಂಗ್ ತಪ್ಪುತ್ತದೆ, ಅಷ್ಟೇ. ಸುಮಾರು 10 ರನ್ ಸೇರಿದರೆ ಒಂದು ಗೆಲುವು ಅನ್ನುವುದು ಈ ಲೆಕ್ಕ ಮಾಡುವವರೆಲ್ಲ ಒಪ್ಪುವ ಮಾತು. ಆ 18 ಸಲದಿಂದ 10 ರನ್ ಹುಟ್ಟುವುದಿಲ್ಲ.

ಇನ್ನೊಂದು, ಬೇಸ್‌ಬಾಲ್ ಅಂಕಿಅಂಶಗಳ ಬಗ್ಗೆ ಬರೆಯುವ ಬಿಲ್ ಜೇಮ್ಸ್ ಅವರ ಸೂತ್ರ. ತಂಡ ಹೊಡೆದ ರನ್‌ಗಳ ವರ್ಗ ತಗೊಳ್ಳಿ, ಅದನ್ನು ಹೊಡೆದ ರನ್ ಮತ್ತು ಕೊಟ್ಟ ರನ್ ಎರಡರ ವರ್ಗಗಳ ಮೊತ್ತದಿಂದ ಭಾಗಿಸಿ. ಎಷ್ಟು ಪಾಲು ಪಂದ್ಯ ಗೆಲ್ಲಬೇಕಿತ್ತು ಅನ್ನುವುದು ಬರುತ್ತದೆ. 800 ಹೊಡೆದು 700 ಕೊಟ್ಟರೆ ಸುಮಾರು 92 ಗೆಲುವು. ಹೆಚ್ಚಿನ ತಂಡಗಳು ವರ್ಷದ ಕೊನೆಗೆ ಈ ಲೆಕ್ಕದ ಆಸುಪಾಸಿನಲ್ಲೇ ಬಂದು ನಿಲ್ಲುತ್ತವೆ, ಮ್ಯಾನೇಜರ್ ಯಾರೇ ಇರಲಿ.

ಕೊನೇ ಇನ್ನಿಂಗ್ಸ್:
"ಹೆಚ್ಚಿನ ತಂಡಗಳು" ಅಂದಿರಿ. ಹಾಗಾದರೆ 2021ರ ಸಿಯಾಟಲ್ ಮ್ಯಾರಿನರ್ಸ್? 697 ರನ್ ಹೊಡೆದು 748 ಕೊಟ್ಟರು. ನಿಮ್ಮ ಸೂತ್ರದಲ್ಲಿ 75 ಗೆಲುವು ಬರಬೇಕು. ಗೆದ್ದದ್ದು 90! ಒಂದೇ ರನ್ ಅಂತರದ ಪಂದ್ಯಗಳಲ್ಲಿ 33 ಗೆಲುವು, 19 ಸೋಲು. ಬಿಗಿಯಾದ ಪಂದ್ಯದಲ್ಲಿ ಒಳ್ಳೆಯ ರಿಲೀವರ್‌ಗಳನ್ನು (ಮಧ್ಯದಲ್ಲಿ ಬರುವ ಬದಲಿ ಪಿಚರ್‌ಗಳನ್ನು) ಇಳಿಸಿ, ಸೋತು ಹೋದ ಪಂದ್ಯದಲ್ಲಿ ಅವರಿಗೆ ರೆಸ್ಟ್ ಕೊಟ್ಟದ್ದು ಮ್ಯಾನೇಜರ್ ಸ್ಕಾಟ್ ಸರ್ವೈಸ್ ತಾನೇ? ಸೋಲುವುದಾದರೆ 10 ರನ್‌ನಿಂದ ಸೋಲು, ಗೆಲ್ಲುವುದಾದರೆ ಒಂದರಿಂದ ಗೆಲ್ಲು. ಸೂತ್ರಕ್ಕೆ ಇದು ಕಾಣುವುದಿಲ್ಲ.

ಲೆಕ್ಕಾಚಾರ:
ಅದೇ ಮ್ಯಾನೇಜರ್‌ಗೆ ಅದು ಪ್ರತಿ ವರ್ಷ ಸಾಧ್ಯವಾದರೆ ಮಾತ್ರ ಕೈಚಳಕ ಅನ್ನಬಹುದು. ಒಂದು ವರ್ಷ ಆದದ್ದನ್ನು ಅದೃಷ್ಟ ಅಂತಲೇ ಇಟ್ಟುಕೊಳ್ಳಬೇಕು.

ಸುಮ್ನೆ ಓದುಗ:
ಹಾಗಾದರೆ ತಂಡ ಕೂರುವ ಡಗ್‌ಔಟ್‌ನಲ್ಲಿ ಮ್ಯಾನೇಜರ್ ಬದಲು ಕಂಪ್ಯೂಟರ್ ಇಟ್ಟರೆ ಸಾಕಾ?

ಫಿಲ್ಲಿ ಅಭಿಮಾನಿ:
ಸಾಲದು ಮಾರಾಯ್ರೇ! ನಾನು ಕಣ್ಣಾರೆ ನೋಡಿದ್ದೇನೆ. 2022ರ ಜೂನ್ 3ಕ್ಕೆ ನಮ್ಮ ಫಿಲಿಸ್ 22 ಗೆದ್ದು 29 ಸೋತಿತ್ತು. ಅವತ್ತು ಜೋ ಜಿರಾರ್ಡಿಯನ್ನು ತೆಗೆದು ರಾಬ್ ಥಾಮ್ಸನ್‌ಗೆ ಕೊಟ್ಟರು. ಮೊದಲ 8 ಪಂದ್ಯ ಸತತ ಗೆಲುವು. ಒಟ್ಟು 65 ಗೆದ್ದು 46 ಸೋತು ನೇರ ವರ್ಲ್ಡ್ ಸೀರೀಸ್ ಫೈನಲ್‌ಗೆ ಹೋದರು. ಆಟಗಾರರು ಅವರೇ, ಮೈದಾನ ಅದೇ. ಜಿರಾರ್ಡಿ ಕಾಲದಲ್ಲಿ ಹುಡುಗರ ಮುಖದಲ್ಲಿ ಕಾಣುತ್ತಿದ್ದ ಬಿಗುವು ಒಂದೇ ವಾರದಲ್ಲಿ ಮಾಯ. ಬ್ರೈಸನ್ ಸ್ಟಾಟ್‌ನಂಥ ಎಳೆಯರು ಆರಾಮಾಗಿ ಆಡತೊಡಗಿದರು. ಇದನ್ನು ಯಾವ ಸೂತ್ರದಲ್ಲಿ ಹಾಕುತ್ತೀರಿ?

ಕೋಲಾರ ಎಕ್ಸ್‌ಪ್ರೆಸ್:
ಸರ್, ಅದೇ ವಾರ, ಜೂನ್ 7ಕ್ಕೆ, ಏಂಜಲ್ಸ್ ಜೋ ಮ್ಯಾಡನ್‌ನನ್ನು ತೆಗೆದರು. ಸತತ 12 ಸೋಲಾಗಿತ್ತು, 27 ಗೆಲುವು 29 ಸೋಲು. ಫಿಲ್ ನೆವಿನ್ ಬಂದ. ಏನಾಯಿತು? 46 ಗೆದ್ದು 60 ಸೋತರು. ಓಟಾನಿ, ಟ್ರೌಟ್ ಇಬ್ಬರೂ ಇದ್ದ ತಂಡ ಅದು.

ನಾಲ್ಕು ದಿನದ ಅಂತರದಲ್ಲಿ ಇಬ್ಬರು ಮ್ಯಾನೇಜರ್‌ಗಳು ಕೆಲಸ ಕಳೆದುಕೊಂಡರು. ಒಂದು ತಂಡ ಫೈನಲ್‌ಗೆ, ಇನ್ನೊಂದು ಪಾತಾಳಕ್ಕೆ. ನಾವು ಫಿಲಿಸ್ ಕಥೆಯನ್ನು ಮಾತ್ರ ಹೇಳುತ್ತಾ ತಿರುಗುತ್ತೇವೆ.

ಲೆಕ್ಕಾಚಾರ:
ಕೋಲಾರದವರು ಸರಿಯಾಗಿ ಹಿಡಿದಿರಿ. ಇನ್ನೊಂದು ಸೇರಿಸಿ. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ 19 ಗೆಲುವು 31 ಸೋಲಿಗೆ ಬಂದು ನಿಂತಿತ್ತು, ಫಿಲಿಸ್‌ಗಿಂತ ಕೆಟ್ಟ ಸ್ಥಿತಿ. ಡೇವ್ ಮಾರ್ಟಿನೆಸ್‌ನನ್ನು ಓಡಿಸಿ ಅಂತ ಊರೆಲ್ಲ ಕೂಗಾಡಿತು. ಓಡಿಸಲಿಲ್ಲ. ಉಳಿದ 112ರಲ್ಲಿ 74 ಗೆದ್ದು ವರ್ಲ್ಡ್ ಸೀರೀಸ್ ಎತ್ತಿದರು. ಒಳ್ಳೆಯ ಆಟಗಾರರಿರುವ ತಂಡ ಕೆಳಗೆ ಬಿದ್ದರೆ ಮೇಲೇಳುವ ಸಾಧ್ಯತೆಯೇ ಜಾಸ್ತಿ. ಮ್ಯಾನೇಜರ್‌ನನ್ನು ತೆಗೆಯುವುದು ಯಾವಾಗ? ತೀರಾ ಕೆಳಗೆ ಬಿದ್ದಾಗ. ಆಮೇಲೆ ಎದ್ದರೆ ಹೊಸಬನಿಗೆ ಹಾರ ಹಾಕುತ್ತೇವೆ.

ಫಿಲ್ಲಿ ಅಭಿಮಾನಿ:
ಹಾರ ಹಾಕಬೇಕಾದದ್ದೇ. ಜಿರಾರ್ಡಿ ಎಲ್ಲೂ ಏನೂ ಗೆದ್ದವನಲ್ಲ.

ಕೊನೇ ಇನ್ನಿಂಗ್ಸ್:
ಇದು ತಪ್ಪು. 2009ರಲ್ಲಿ ಯಾಂಕೀಸ್ ವರ್ಲ್ಡ್ ಸೀರೀಸ್ ಗೆದ್ದಾಗ ಮ್ಯಾನೇಜರ್ ಜಿರಾರ್ಡಿಯೇ. ಎದುರಾಳಿ ಯಾರು ಅಂತ ನಿಮಗೆ ನೆನಪಿರಬೇಕು, ನಿಮ್ಮ ಫಿಲಿಸ್. 2006ರಲ್ಲಿ ಫ್ಲೋರಿಡಾ ಮಾರ್ಲಿನ್ಸ್‌ನಲ್ಲಿ 78 ಗೆದ್ದು 84 ಸೋತರೂ ವರ್ಷದ ಮ್ಯಾನೇಜರ್ ಪ್ರಶಸ್ತಿ ಬಂತು, ಅದೇ ವರ್ಷ ಅವರನ್ನು ಕೆಲಸದಿಂದಲೂ ತೆಗೆದರು. ಒಬ್ಬನೇ ಮನುಷ್ಯ: ಒಂದು ಕಡೆ ಪ್ರಶಸ್ತಿ, ಒಂದು ಕಡೆ ಕಪ್, ಎರಡು ಕಡೆ ವಜಾ.

ಆ ಪ್ರಶಸ್ತಿಯದ್ದೇ ಒಂದು ತಮಾಷೆಯಲ್ಲದ ಸಮಸ್ಯೆ ಇದೆ. ನಾವು ನಿರೀಕ್ಷಿಸಿದ್ದಕ್ಕಿಂತ ತಂಡ ಜಾಸ್ತಿ ಗೆದ್ದರೆ ಅದು ಮ್ಯಾನೇಜರ್‌ಗೆ ಸಿಗುತ್ತದೆ. ಗೇಬ್ ಕ್ಯಾಪ್ಲರ್ 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ 107 ಗೆಲ್ಲಿಸಿಕೊಟ್ಟರು, ಪ್ರಶಸ್ತಿ ಬಂತು. ಮರುವರ್ಷ 81-81. 2023ರ ಸೀಸನ್ ಮುಗಿಯಲು ಮೂರು ಪಂದ್ಯ ಬಾಕಿ ಇರುವಾಗಲೇ ಮನೆಗೆ. ಎರಡೇ ವರ್ಷದಲ್ಲಿ ಅವರ ಬುದ್ಧಿ ಎಲ್ಲಿಗೂ ಓಡಿಹೋಗಿರಲಿಲ್ಲ.

ಹೊಸಬ 75:
ನಾನು ಡಲ್ಲಾಸ್‌ಗೆ ಬಂದು ಸ್ವಲ್ಪ ಕಾಲವಾಯಿತು, ಕ್ರಿಕೆಟ್ ಬಿಟ್ಟು ಬೇರೆ ಗೊತ್ತಿಲ್ಲ. ಮ್ಯಾನೇಜರ್ ಅಂದರೆ ಕೋಚ್ ತಾನೇ? ಮೈದಾನದಲ್ಲಿ ಕ್ಯಾಪ್ಟನ್ ಯಾರು?

ಬೇ ಏರಿಯಾ ರಾಯರು:
ಬನ್ನಿ ಬನ್ನಿ. ಕ್ರಿಕೆಟ್‌ನಲ್ಲಿ ಕ್ಯಾಪ್ಟನ್ ಮಾಡುವ ಕೆಲಸದ ಬಹುಪಾಲು ಇಲ್ಲಿ ಮ್ಯಾನೇಜರ್‌ದು. ಯಾರು ಆಡಬೇಕು, ಯಾವ ಕ್ರಮ, ಯಾವಾಗ ಪಿಚರ್ ಬದಲಾಯಿಸಬೇಕು, ಯಾರ ಬದಲು ಯಾರು ಬ್ಯಾಟ್ ಹಿಡಿಯಬೇಕು, ಎಲ್ಲ ಅವನೇ. ಒಮ್ಮೆ ಹೊರಗೆ ತೆಗೆದ ಆಟಗಾರ ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ, ಅದಕ್ಕೇ ಪ್ರತಿ ಬದಲಾವಣೆಗೂ ಬೆಲೆ ಇದೆ. ಆಟಗಾರರಂತೆ ಅವನೂ ತಂಡದ ಡ್ರೆಸ್ ಹಾಕಿಕೊಂಡೇ ಕೂರುತ್ತಾನೆ, ಗಮನಿಸಿದ್ದೀರಾ?

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಮ್ಯಾನೇಜರ್ ಒಂದು ಪಂದ್ಯ ಗೆಲ್ಲಿಸಲಾರ ಅನ್ನುವವರು 2010ರ ಜುಲೈ 20ರ ಪಂದ್ಯ ನೋಡಿ. ಡಾಜರ್ಸ್ ಮೈದಾನ, ನಮ್ಮ ಜೈಂಟ್ಸ್ 5-4ರಿಂದ ಹಿಂದೆ, ಒಂಬತ್ತನೇ ಇನ್ನಿಂಗ್ಸ್, ಮೂರೂ ಬೇಸ್‌ನಲ್ಲಿ ನಮ್ಮವರು ರನ್‌ಗೆ ಕಾದು ನಿಂತಿದ್ದರು. ಡಾಜರ್ಸ್ ಮ್ಯಾನೇಜರ್ ಜೋ ಟೋರೆಯನ್ನು ಅಂಪೈರ್ ಮೊದಲೇ ಹೊರಗೆ ಕಳಿಸಿದ್ದ. ಅವರ ಜಾಗದಲ್ಲಿ ಬ್ಯಾಟಿಂಗ್ ಕೋಚ್ ಡಾನ್ ಮ್ಯಾಟಿಂಗ್ಲಿ. ಆತ ಕ್ಲೋಸರ್ (ಕೊನೆಯಲ್ಲಿ ಬಂದು ಪಂದ್ಯ ಮುಗಿಸುವ ಪಿಚರ್) ಬ್ರಾಕ್ಸ್‌ಟನ್ ಹತ್ತಿರ ಹೋಗಿ ಮಾತಾಡಿದ, ಮೌಂಡ್‌ನ (ಪಿಚರ್ ನಿಂತು ಎಸೆಯುವ ದಿಬ್ಬದ) ಮಣ್ಣಿನಿಂದ ಕೆಳಗಿಳಿದ. ಅಷ್ಟರಲ್ಲಿ ಫಸ್ಟ್ ಬೇಸ್‌ನವನು ಏನೋ ಕೇಳಿದ. ಮ್ಯಾಟಿಂಗ್ಲಿ ತಿರುಗಿ ಮತ್ತೆ ಮಣ್ಣಿನ ಮೇಲೆ ಕಾಲಿಟ್ಟ. ಎರಡು ಹೆಜ್ಜೆ ಅಷ್ಟೇ!

ನಮ್ಮ ಮ್ಯಾನೇಜರ್ ಬ್ರೂಸ್ ಬೋಚಿ ಡಗ್‌ಔಟ್‌ನಿಂದ ಅದನ್ನು ನೋಡಿದ. ಸೀದಾ ಅಂಪೈರ್ ಹತ್ತಿರ ಹೋದ. ಇಳಿದು ಮತ್ತೆ ಹತ್ತಿದರೆ ಅದು ಎರಡನೇ ಭೇಟಿ, ಒಂದೇ ಇನ್ನಿಂಗ್ಸ್‌ನಲ್ಲಿ ಎರಡನೇ ಭೇಟಿಯಾದರೆ ಪಿಚರ್ ಹೋಗಲೇಬೇಕು, ನಿಯಮ ಹಾಗಿದೆ. ಬ್ರಾಕ್ಸ್‌ಟನ್ ಹೊರಗೆ. ಕೈ ಸರಿಯಾಗಿ ಬೆಚ್ಚಗೂ ಆಗದ ಶೆರಿಲ್ ಒಳಗೆ. ಆಂಡ್ರೆಸ್ ಟೊರೆಸ್ ಡಬಲ್ (ಎರಡು ಬೇಸ್ ಓಡುವ ಹೊಡೆತ) ಹೊಡೆದ, ಇಬ್ಬರು ರನ್ ಗಳಿಸಿದರು, ಆಮೇಲೆ ಇನ್ನೊಂದು ರನ್ ಸೇರಿ 7-5ಕ್ಕೆ ಗೆದ್ದೆವು. ಆ ವರ್ಷ ನಾವು ಡಿವಿಷನ್ ಗೆದ್ದದ್ದು ಎರಡೇ ಪಂದ್ಯದ ಅಂತರದಲ್ಲಿ, ಅದೂ ಕೊನೇ ದಿನ. ಆಮೇಲೆ ವರ್ಲ್ಡ್ ಸೀರೀಸೂ ನಮ್ಮದೇ.

ಹೊಸಬ 75:
ಸರ್, ಓದಿ ಮೈ ಜುಮ್ಮೆಂದಿತು. ಇವತ್ತೇ ಹುಡುಕಿ ನೋಡುತ್ತೇನೆ.

ಲೆಕ್ಕಾಚಾರ:
ರಾಯರೇ, ಬೋಚಿ ಮೇಲೆ ನನಗೂ ಗೌರವ ಇದೆ. 2010, 2012, 2014 ಜೈಂಟ್ಸ್, 2023 ಟೆಕ್ಸಸ್ ರೇಂಜರ್ಸ್, ಒಟ್ಟು ನಾಲ್ಕು ಕಪ್. ಆದರೆ ಅದೇ ಬೋಚಿ ಕೈಯಲ್ಲಿ 2017ರಲ್ಲಿ ಜೈಂಟ್ಸ್ 98 ಸೋತಿತು. 2023ರಲ್ಲಿ ಗೆದ್ದ ರೇಂಜರ್ಸ್ 2024ರಲ್ಲಿ 78 ಗೆದ್ದು 84 ಸೋತಿತು.

ಹಳೇದು ಬೇಕಾದರೆ ಕೇಸಿ ಸ್ಟೆಂಗಲ್ ನೋಡಿ. ಬ್ರೂಕ್ಲಿನ್, ಬಾಸ್ಟನ್ ತಂಡಗಳಲ್ಲಿ ಪಟ್ಟಿಯ ಕೆಳ ಅರ್ಧದಿಂದ ಮೇಲೆ ಬರಲೇ ಇಲ್ಲ. ಯಾಂಕೀಸ್‌ಗೆ ಹೋದ, 1949ರಿಂದ 1960ರ ಒಳಗೆ 7 ವರ್ಲ್ಡ್ ಸೀರೀಸ್. ಹೊಸ ಮೆಟ್ಸ್ ತಂಡಕ್ಕೆ ಬಂದ, 1962ರಲ್ಲಿ 40 ಗೆದ್ದು 120 ಸೋತ. ಮಿಕಿ ಮ್ಯಾಂಟಲ್, ಯೋಗಿ ಬೆರಾ ಇದ್ದಾಗ ಮೇಧಾವಿ, ಇಲ್ಲದಾಗ ಪಟ್ಟಿಯ ತಳ. ಕಾನಿ ಮ್ಯಾಕ್ 50 ವರ್ಷ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ನಡೆಸಿದರು. 1914ರಲ್ಲಿ 99 ಗೆಲುವು. ದೊಡ್ಡ ಆಟಗಾರರೆಲ್ಲ ಕೈಬಿಟ್ಟು ಹೋದ ಮೇಲೆ 1915ರಲ್ಲಿ 43 ಗೆಲುವು, 109 ಸೋಲು. ಅತಿ ಹೆಚ್ಚು ಗೆದ್ದ ಮ್ಯಾನೇಜರ್ ಅವರೇ, ಅತಿ ಹೆಚ್ಚು ಸೋತವರೂ ಅವರೇ.

ಅಥ್ಲೆಟಿಕ್ಸ್ ಹಳಬ:
ಲೆಕ್ಕಾಚಾರ ಸರ್, ಗೆಲ್ಲಿಸುವ ಲೆಕ್ಕ ಮಾತ್ರ ಹೇಳುತ್ತಿದ್ದೀರಿ. ಹಾಳು ಮಾಡುವ ಲೆಕ್ಕ? ಅಲ್ಲಿ ಮ್ಯಾನೇಜರ್‌ಗೆ ಮಿತಿಯೇ ಇಲ್ಲ.

ಓಕ್ಲಂಡ್ ಅಥ್ಲೆಟಿಕ್ಸ್‌ಗೆ 1980ರಲ್ಲಿ ಬಿಲ್ಲಿ ಮಾರ್ಟಿನ್ ಬಂದ. ಹಿಂದಿನ ವರ್ಷ 54 ಗೆದ್ದು 108 ಸೋತಿದ್ದ ತಂಡ. ಇವನು ಬಂದವನೇ 83 ಗೆಲ್ಲಿಸಿದ. ಹೇಗೆ? ಐದು ಎಳೆಯ ಪಿಚರ್‌ಗಳನ್ನು ಮೊದಲಿಂದ ಕೊನೆತನಕ ಎಸೆಯಲು ಬಿಟ್ಟ. ಆ ವರ್ಷ 94 ಪಂದ್ಯ ಶುರು ಮಾಡಿದವನೇ ಮುಗಿಸಿದ್ದು! ರಿಕ್ ಲ್ಯಾಂಗ್‌ಫರ್ಡ್ ಒಬ್ಬನೇ 28. 1981ರಲ್ಲಿ ಪ್ಲೇಆಫ್‌ಗೂ ಹೋದರು. ಎಲ್ಲರೂ ಜೈಕಾರ ಹಾಕಿದರು. 1982ರ ಹೊತ್ತಿಗೆ ಒಬ್ಬೊಬ್ಬರ ತೋಳೂ ಕೈಕೊಟ್ಟಿತು. 68 ಗೆಲುವು, 94 ಸೋಲು, ಮಾರ್ಟಿನ್ ಹೊರಗೆ. ಮೈಕ್ ನಾರಿಸ್, ಮ್ಯಾಟ್ ಕಿಯೋ, ಲ್ಯಾಂಗ್‌ಫರ್ಡ್, ಮಕ್ಯಾಟಿ, ಯಾರೂ ಮತ್ತೆ ಮೊದಲಿನಂತೆ ಎಸೆಯಲಿಲ್ಲ. ನಾರಿಸ್ ಚೆಂಡು ಬಿಡುವ ಚಂದ ನೋಡಿದವರಿಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಟಗಾರರು ಚೆನ್ನಾಗಿದ್ದರೆ ಮ್ಯಾನೇಜರ್ ಬೇಕಿಲ್ಲ ಅನ್ನುವವರು ಈ ನಾಲ್ಕು ಹೆಸರು ನೆನಪಿಟ್ಟುಕೊಳ್ಳಿ.

ಕೋಲಾರ ಎಕ್ಸ್‌ಪ್ರೆಸ್:
ಇದು ಗಟ್ಟಿ ಮಾತು. 29 ಗೆಲುವು ಜಾಸ್ತಿ ಮಾಡಿದ್ದೂ ಅವನೇ, ಆಮೇಲೆ ಮುಳುಗಿಸಿದ್ದೂ ಅವನೇ.

ಧಾರವಾಡ ಫೇಡಾ:
ಬಾಸ್ಟನ್‌ನಲ್ಲಿ 2012ರಲ್ಲಿ ಬಾಬಿ ವ್ಯಾಲೆಂಟೈನ್ ಬಂದಾಗಲೂ ಇದೇ ಗತಿ. 69 ಗೆಲುವು, 93 ಸೋಲು. ಜಾನ್ ಫ್ಯಾರೆಲ್ ಬಂದ, 2013ರಲ್ಲಿ 97 ಗೆಲುವು, ಕಪ್ಪೂ ಬಂತು. ಒಬ್ಬ ಮನುಷ್ಯನಿಂದ 28 ಗೆಲುವು.

ಲೆಕ್ಕಾಚಾರ:
ಒಬ್ಬನಿಂದ ಅಲ್ಲ. 2012ರ ಆಗಸ್ಟ್‌ನಲ್ಲೇ ಗೊಂಜಾಲೆಸ್, ಬೆಕೆಟ್, ಕ್ರಾಫರ್ಡ್‌ರನ್ನು ಡಾಜರ್ಸ್‌ಗೆ ಸಾಗಿಸಿದರು. ಉಳಿದ ದುಡ್ಡಿನಲ್ಲಿ ವಿಕ್ಟರಿನೋ, ನಪೋಲಿ, ಉಯೆಹಾರಾ ಬಂದರು. ಉಯೆಹಾರಾ ಇಲ್ಲದೆ ಆ ಕಪ್ ಇಲ್ಲ.

ಧಾರವಾಡ ಫೇಡಾ:
ಉಯೆಹಾರಾನನ್ನು ಕ್ಲೋಸರ್ ಮಾಡಿದ್ದು ಯಾರು? ಮ್ಯಾನೇಜರ್ ಅಲ್ವಾ?

ಲೆಕ್ಕಾಚಾರ:
ಮೊದಲು ಇದ್ದ ಇಬ್ಬರು ಕ್ಲೋಸರ್‌ಗಳು ಗಾಯಗೊಂಡ ಮೇಲೆ. ಬೇರೆ ದಾರಿ ಇರಲಿಲ್ಲ.

ಒಂದು ಟಿಕೆಟ್:
ಅಕ್ಟೋಬರ್ ಬಗ್ಗೆ ಇನ್ನೂ ಯಾರೂ ಮಾತಾಡಲಿಲ್ಲ ಯಾಕೆ? 2020ರ ವರ್ಲ್ಡ್ ಸೀರೀಸ್, ಆರನೇ ಪಂದ್ಯ, ಆರ್ಲಿಂಗ್ಟನ್. ಟ್ಯಾಂಪಾ ಬೇ ರೇಸ್ 1-0 ಮುಂದೆ. ಬ್ಲೇಕ್ ಸ್ನೆಲ್ ಎಸೆದದ್ದು 73 ಚೆಂಡು, ಕೊಟ್ಟದ್ದು 2 ಹಿಟ್, 9 ಜನ ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲಾಗದೆ ಔಟ್). ಡಾಜರ್ಸ್‌ನ ಮೊದಲ ಮೂವರು, ಬೆಟ್ಸ್, ಸೀಗರ್, ಟರ್ನರ್, ಅವತ್ತು ಎರಡೆರಡು ಸಲ ಬಂದು ಆರಕ್ಕೆ ಆರೂ ಸ್ಟ್ರೈಕ್‌ಔಟ್. ಅಂಥವನನ್ನು ಕೆವಿನ್ ಕ್ಯಾಶ್ ತೆಗೆದ. ಸ್ನೆಲ್ ಮುಖ ನೋಡಬೇಕಿತ್ತು, ಬೈದದ್ದು ತುಟಿಯಲ್ಲೇ ಓದಬಹುದಿತ್ತು. ನಿಕ್ ಆಂಡರ್ಸನ್ ಬಂದ. ಬೆಟ್ಸ್ ಡಬಲ್, ದಾರಿ ತಪ್ಪಿದ ಒಂದು ಎಸೆತ (ವೈಲ್ಡ್ ಪಿಚ್), ನೋಡನೋಡುತ್ತಿದ್ದಂತೆ 2-1. ಕೊನೆಗೆ 3-1. ಇಡೀ ವರ್ಷದ ದುಡಿಮೆ ಒಂದು ನಡಿಗೆಯಲ್ಲಿ ಹೋಯಿತು.

ಲೆಕ್ಕಾಚಾರ:
ಬ್ಯಾಟ್ಸ್‌ಮನ್ ಒಂದೇ ಪಿಚರ್‌ನನ್ನು ಮೂರನೇ ಸಲ ನೋಡುವಾಗ ಜಾಸ್ತಿ ಹೊಡೆಯುತ್ತಾನೆ. ಇದು ಸಾವಿರಾರು ಪಂದ್ಯದಲ್ಲಿ ಕಂಡ ಸತ್ಯ. ಆ ತಂಡ ವರ್ಷವಿಡೀ ಹಾಗೇ ಮಾಡಿಯೇ ಅಲ್ಲಿಗೆ ಬಂದಿತ್ತು.

ಒಂದು ಟಿಕೆಟ್:
ಸಾವಿರಾರು ಪಂದ್ಯದ ಸರಾಸರಿ ಸರಿ. ಅವತ್ತಿನ ಸ್ನೆಲ್ ಸರಾಸರಿ ಅಲ್ಲ. ಆಂಡರ್ಸನ್ ಅದಕ್ಕೂ ಮುಂಚೆ ಸತತ ಆರು ಪಂದ್ಯದಲ್ಲಿ ರನ್ ಕೊಟ್ಟಿದ್ದ. ಅದೂ ಅಂಕಿಯೇ ತಾನೇ? ಕಣ್ಣೆದುರು ಇರುವುದನ್ನು ನೋಡುವುದಕ್ಕೇ ಮನುಷ್ಯ ಬೇಕು. ಸುಮ್ನೆ ಓದುಗರು ಕೇಳಿದ ಕಂಪ್ಯೂಟರ್ ಪ್ರಶ್ನೆಗೆ ನನ್ನ ಉತ್ತರ ಇದೇ.

ಕೊನೇ ಇನ್ನಿಂಗ್ಸ್:
2003ರಲ್ಲಿ ಗ್ರೇಡಿ ಲಿಟಲ್ ಕಣ್ಣೆದುರು ಇರುವುದನ್ನೇ ನಂಬಿ ಮುಳುಗಿದ. ಯಾಂಕೀಸ್ ಎದುರಿನ ನಿರ್ಣಾಯಕ ಪಂದ್ಯ, ಬಾಸ್ಟನ್‌ನ ರೆಡ್ ಸಾಕ್ಸ್ 5-2 ಮುಂದೆ, ಎಂಟನೇ ಇನ್ನಿಂಗ್ಸ್, ಪೆಡ್ರೋ ಮಾರ್ಟಿನೆಸ್ ಸುಸ್ತಾಗಿದ್ದು ಎಲ್ಲರಿಗೂ ಕಾಣುತ್ತಿತ್ತು. ಲಿಟಲ್ ಮೌಂಡ್‌ಗೆ ಹೋದ, ಮಾತಾಡಿದ, ಪೆಡ್ರೋನನ್ನು ಅಲ್ಲೇ ಬಿಟ್ಟು ವಾಪಸ್ ಬಂದ. ಮತ್ಸುಯಿ ಡಬಲ್, ಪೊಸಾಡ ಡಬಲ್, 5-5. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಏರನ್ ಬೂನ್ ಹೋಮ್ ರನ್. ಲಿಟಲ್ ಕೆಲಸ ಹೋಯಿತು. ಒಬ್ಬ ತೆಗೆದು ಕೆಟ್ಟ, ಇನ್ನೊಬ್ಬ ತೆಗೆಯದೆ ಕೆಟ್ಟ.

ಬಾಲ್ಟಿಮೋರ್ ಬಳಗ:
ನಮ್ಮ ನೋವನ್ನೂ ಸೇರಿಸಿ. 2016, ಟೊರಾಂಟೊ, ಒಂದೇ ಪಂದ್ಯದ ವೈಲ್ಡ್ ಕಾರ್ಡ್. ನಮ್ಮ ಕ್ಲೋಸರ್ ಝ್ಯಾಕ್ ಬ್ರಿಟನ್ ಆ ವರ್ಷ 47ಕ್ಕೆ 47 ಸಲವೂ ಮುನ್ನಡೆ ಉಳಿಸಿದ್ದ (ಸೇವ್), ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್ ಸರಾಸರಿ (ಇಆರ್‌ಎ) 0.54. ಬಕ್ ಶೋವಾಲ್ಟರ್ ಅವನನ್ನು ಬುಲ್‌ಪೆನ್‌ನಲ್ಲೇ (ಬದಲಿ ಪಿಚರ್‌ಗಳು ಕಾಯುವ ಜಾಗ) ಕೂರಿಸಿ ಉಬಾಲ್ಡೊ ಹಿಮೆನೆಸ್‌ಗೆ ಚೆಂಡು ಕೊಟ್ಟರು. ಎನ್ಕಾರ್ನಾಸಿಯನ್ ಮೂರು ರನ್ ಹೋಮ್ ರನ್. ಪಂದ್ಯ ಮುಗಿಯಿತು, ವರ್ಷ ಮುಗಿಯಿತು. ಒಳ್ಳೆಯ ಮ್ಯಾನೇಜರ್ ಅವರು, ನಮ್ಮ ಸತ್ತ ತಂಡಕ್ಕೆ ಜೀವ ಕೊಟ್ಟವರು. ಆದರೂ ಆ ರಾತ್ರಿ ಮರೆಯಲಾರೆ.

ಬೇ ಏರಿಯಾ ರಾಯರು:
ಬುಲ್‌ಪೆನ್ ಅಂದಕೂಡಲೇ ನೆನಪಾಯಿತು. 2011ರ ವರ್ಲ್ಡ್ ಸೀರೀಸ್, ಐದನೇ ಪಂದ್ಯ. ಕಾರ್ಡಿನಲ್ಸ್‌ನ ಟೋನಿ ಲಾ ರುಸ್ಸಾ ಫೋನ್ ಎತ್ತಿ ಮಾಟ್‌ನನ್ನು ರೆಡಿ ಮಾಡಿ ಅಂದರು. ರೇಂಜರ್ಸ್ ಜನರ ಗಲಾಟೆಯಲ್ಲಿ ಆ ಕಡೆಯವರಿಗೆ ಲಿನ್ ಅಂತ ಕೇಳಿಸಿತು. ಅಷ್ಟರಲ್ಲಿ ಬಲಗೈ ಬ್ಯಾಟ್ಸ್‌ಮನ್ ಮೈಕ್ ನಪೋಲಿ ಎದುರಿಗೆ ಎಡಗೈ ಪಿಚರ್ ಉಳಿದುಬಿಟ್ಟ, ಎರಡು ರನ್ ಡಬಲ್. ಆಮೇಲೆ ಮೌಂಡ್‌ಗೆ ಹೋಗಿ ನೋಡಿದರೆ ಎದುರಿಗೆ ಬಂದು ನಿಂತವನು ರೆಸ್ಟ್ ಕೊಡಬೇಕಿದ್ದ ಲ್ಯಾನ್ಸ್ ಲಿನ್! ಆ ಪಂದ್ಯ ಸೋತರು. ಏಳನೇ ಪಂದ್ಯದ ಹೊತ್ತಿಗೆ ಕಪ್ ಅವರದ್ದೇ ಆಯಿತು.

ಹೊಸಬ 75:
ಕ್ರಿಕೆಟ್‌ನಲ್ಲೂ ಇದೇ ಅಲ್ವಾ? ದ್ರಾವಿಡ್ ಸರ್ ಕೋಚ್ ಆಗಿದ್ದಾಗ 2023ರಲ್ಲಿ ಸತತ 10 ಗೆದ್ದು ಅಹಮದಾಬಾದ್ ಫೈನಲ್ ಸೋತೆವು. ಮರುವರ್ಷ ಬಾರ್ಬಡೋಸ್‌ನಲ್ಲಿ ಅದೇ ಕೋಚ್, ಅದೇ ಕ್ಯಾಪ್ಟನ್, ಟಿ20 ಕಪ್ ಗೆದ್ದೆವು. ಅಹಮದಾಬಾದ್‌ನಲ್ಲಿ ದಡ್ಡರಾಗಿದ್ದವರು ಬಾರ್ಬಡೋಸ್‌ನಲ್ಲಿ ಜಾಣರಾದರಾ?

ಧಾರವಾಡ ಫೇಡಾ:
ಆದರೆ ನಮ್ಮ ಕರ್ನಾಟಕ ರಣಜಿ ತಂಡ ನೋಡಿ. 2013-14, 2014-15 ಎರಡೂ ವರ್ಷ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಎತ್ತಿದರು. ವಿನಯ್ ಕುಮಾರ್ ಕ್ಯಾಪ್ಟನ್, ಅರುಣ್ ಕುಮಾರ್ ಕೋಚ್. ಆ ಹುಡುಗರ ಭಯ ಬಿಡಿಸಿದ್ದು ಅರುಣ್ ಅಂತ ನಾನು ಈಗಲೂ ಹೇಳುತ್ತೇನೆ. ಆಮೇಲೆ ಅವರು ಇಲ್ಲಿ ಅಮೆರಿಕ ತಂಡಕ್ಕೂ ಕೋಚ್ ಆದರು.

ಸುಮ್ನೆ ಓದುಗ:
ರಾಹುಲ್, ಮನೀಶ್, ಕರುಣ್, ಮಿಥುನ್, ಅರವಿಂದ್ ಇದ್ದ ತಂಡ ಅದು. ಮತ್ತೆ ಲೆಕ್ಕಾಚಾರ ಸರ್ ವಾದಕ್ಕೇ ಬಂದೆವು.

ಷಿಕಾಗೋ ಕನ್ನಡಿಗ:
ಎಲ್ಲ ಓದಿದೆ, ಬಹಳ ಖುಷಿಯಾಯಿತು. ಕ್ರಿಕೆಟ್‌ಗೆ ಬೇರೆ ಎಳೆ ಶುರು ಮಾಡೋಣ. ನನ್ನ ಬ್ರೂವರ್ಸ್ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ. ಕೌನ್ಸೆಲ್ ಹೋದರೂ ಅವರು ಯಾಕೆ ಕುಸಿಯಲಿಲ್ಲ?

ಮಿಲ್ವಾಕೀ ಮನೆಯವರು:
ಇದಕ್ಕೆ ನಾನು ಹೇಳುತ್ತೇನೆ ಸರ್. ಪ್ಯಾಟ್ ಮರ್ಫಿ ಹೊರಗಿನವರಲ್ಲ. ಕೌನ್ಸೆಲ್ ನೋಟರ್ ಡೇಮ್ ಕಾಲೇಜಿನಲ್ಲಿ ಆಡುವಾಗ ಅವರ ಕೋಚ್ ಮರ್ಫಿಯೇ. ಅಂದರೆ ಶಿಷ್ಯ ಹೋದ, ಗುರು ಬಂದರು. ಒಬ್ಬ ಒಳ್ಳೆಯ ಮ್ಯಾನೇಜರ್ ಜಾಗಕ್ಕೆ ಇನ್ನೊಬ್ಬ ಒಳ್ಳೆಯ ಮ್ಯಾನೇಜರ್ ಬಂದಾಗ ತಂಡ ಕುಸಿಯಲಿಲ್ಲ ಅಂದರೆ ಮ್ಯಾನೇಜರ್ ಲೆಕ್ಕಕ್ಕೇ ಇಲ್ಲ ಅಂತ ಹೇಗಾಗುತ್ತದೆ? 2024, 2025 ಎರಡೂ ವರ್ಷ ಪ್ರಶಸ್ತಿ ಮರ್ಫಿಗೇ ಬಂತು.

ಇನ್ನೊಂದು, ಇಲ್ಲಿ ಪಿಚರ್‌ಗಳನ್ನು ಹುಡುಕುವುದು, ತಿದ್ದುವುದು ಎಲ್ಲ ಆಫೀಸಿನವರ ಕೆಲಸ. ಈಗಿನ ಮ್ಯಾನೇಜರ್ ಸ್ಟೆಂಗಲ್ ಕಾಲದವನಲ್ಲ. ಯಾರನ್ನು ಕೊಳ್ಳಬೇಕು, ಯಾರು ಯಾರ ಎದುರು ಎಸೆಯಬೇಕು ಅನ್ನುವುದರಲ್ಲಿ ಅರ್ಧ ಮೇಲಿಂದಲೇ ಬರುತ್ತದೆ. ಮ್ಯಾನೇಜರ್ ಮದುವೆ ಮನೆಯ ಉಸ್ತುವಾರಿ ಹೊತ್ತ ಸೋದರಮಾವನ ಹಾಗೆ. ಖರ್ಚು ಅವನದ್ದಲ್ಲ, ಅಡುಗೆ ಅವನದ್ದಲ್ಲ, ಆದರೆ ಅವನಿಲ್ಲದಿದ್ದರೆ ಮುಹೂರ್ತ ತಪ್ಪುತ್ತದೆ.

26 ಜನ, ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಹೆಚ್ಚುಕಡಿಮೆ ದಿನಾ ಪಂದ್ಯ. ಇವತ್ತು ಯಾರ ಭುಜ ನೋಯುತ್ತಿದೆ, ಯಾರಿಗೆ ಮನೆಯಲ್ಲಿ ಮಗು ಹುಟ್ಟಿದೆ, ಯಾರು ಹತ್ತು ದಿನದಿಂದ ಬೆಂಚಿನಲ್ಲಿ ಕೂತು ಮುನಿಸಿಕೊಂಡಿದ್ದಾನೆ, ಇದನ್ನೆಲ್ಲ ತಿಳಿದುಕೊಂಡು ನಡೆಸಬೇಕು. ಅದು ನನ್ನ ಕಣ್ಣಿಗೆ ದೊಡ್ಡ ಕೆಲಸ.

ಲೆಕ್ಕಾಚಾರ:
ಗುರು ಶಿಷ್ಯರ ಮಾತು ಒಪ್ಪತಕ್ಕದ್ದು. ಕೆಟ್ಟ ಮ್ಯಾನೇಜರ್‌ಗಳು ಬೇಗ ಕೆಲಸ ಕಳೆದುಕೊಳ್ಳುತ್ತಾರೆ, ಉಳಿದ 30 ಜನರ ನಡುವೆ ವ್ಯತ್ಯಾಸ ಕಡಿಮೆ. ಹಾಗಾಗಿ ಅಂಕಿಯಲ್ಲಿ ಕಾಣುವುದಿಲ್ಲ ಅಂದಮಾತ್ರಕ್ಕೆ ಕೆಲಸ ಸಣ್ಣದಲ್ಲ. ಆದರೆ ದುಡ್ಡಿನ ಲೆಕ್ಕ ನೋಡಿ. ಕೌನ್ಸೆಲ್‌ಗೆ ವರ್ಷಕ್ಕೆ 80 ಲಕ್ಷ ಡಾಲರ್, ಡಾಜರ್ಸ್ ಜತೆ ಓಟಾನಿ ಒಪ್ಪಂದ 10 ವರ್ಷಕ್ಕೆ 70 ಕೋಟಿ. ತಂಡದ ಮಾಲೀಕರಿಗೆ ಯಾರಿಂದ ಎಷ್ಟು ಗೆಲುವು ಅನ್ನುವುದು ಗೊತ್ತು.

ಲಾಸ್ ಏಂಜಲೀಸ್ ಲಕ್ಷ್ಮಿ:
ಓಟಾನಿ ಅಂದಿರಿ, ನಮ್ಮ ಡಾಜರ್ಸ್ ಮ್ಯಾನೇಜರ್ ಡೇವ್ ರಾಬರ್ಟ್ಸ್ ಅವರನ್ನು ಬಿಟ್ಟಿರಿ. ಹಣದ ತಂಡ, ಯಾರು ನಡೆಸಿದರೂ ಗೆಲ್ಲುತ್ತದೆ ಅಂತ ಅವರಿಗೆ ಯಾವಾಗಲೂ ಬೈಗುಳ. 2025ರ ವರ್ಲ್ಡ್ ಸೀರೀಸ್ ಏಳನೇ ಪಂದ್ಯ ಟೊರಾಂಟೊದಲ್ಲಿ ನೋಡಿದಿರಾ? ಹೆಚ್ಚು ದಿನ ಬೆಂಚಿನಲ್ಲಿದ್ದ ಮಿಗೆಲ್ ರೋಹಾಸ್‌ನನ್ನು ಆರನೇ ಪಂದ್ಯಕ್ಕೆ ಹಾಕಿದರು, ಏಳನೇದಕ್ಕೂ ಇಟ್ಟುಕೊಂಡರು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಸಮ ಮಾಡಿದ ಹೋಮ್ ರನ್ ರೋಹಾಸ್‌ದೇ. ಅದೇ ಇನ್ನಿಂಗ್ಸ್‌ನಲ್ಲಿ ಟೊರಾಂಟೊ ಬ್ಯಾಟಿಂಗ್ ಸರದಿಯಲ್ಲಿ ಮೂರೂ ಬೇಸ್ ತುಂಬಿದಾಗ ಫೀಲ್ಡಿಂಗ್‌ಗೆ ಅಂತಲೇ ಆಂಡಿ ಪಾಹೆಸ್‌ನನ್ನು ಇಳಿಸಿದರು. ಸ್ವಲ್ಪ ಹೊತ್ತಿಗೆ ಗೋಡೆ ಹತ್ತಿರ ಓಡಿ ಕಿಕೆ ಹರ್ನಾಂಡೆಸ್‌ಗೆ ಡಿಕ್ಕಿ ಹೊಡೆದು ಆ ಕ್ಯಾಚ್ ಹಿಡಿದದ್ದು ಅದೇ ಪಾಹೆಸ್. ಅದು ಬಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಯಮಾಮೊಟೊ ಹಿಂದಿನ ರಾತ್ರಿ 96 ಚೆಂಡು ಎಸೆದಿದ್ದ, ಮಾರನೇ ದಿನ ಮತ್ತೆ 34. ಅವನಿಗೆ ದಾರಿ ಬಿಡಲು ಮೌಂಡ್‌ನಿಂದ ಇಳಿದವನು ಯಾರು ಗೊತ್ತಾ? ಬ್ಲೇಕ್ ಸ್ನೆಲ್!

ಒಂದು ಟಿಕೆಟ್:
ಅಕ್ಕಾ, ಆ ಪಾಹೆಸ್ ಬದಲಾವಣೆಗೆ ನನ್ನ ನಮಸ್ಕಾರ. ಯಮಾಮೊಟೊ ವಿಷಯದಲ್ಲಿ ಮಾತ್ರ ನನಗೆ ಭಯವೇ ಆಯಿತು.

ಅಥ್ಲೆಟಿಕ್ಸ್ ಹಳಬ:
ನನಗೂ. ಕಪ್ ಬಂದರೆ ಧೈರ್ಯ ಅನ್ನುತ್ತೇವೆ, ತೋಳು ಹೋದರೆ ಬಿಲ್ಲಿ ಮಾರ್ಟಿನ್ ಅನ್ನುತ್ತೇವೆ.

ಲಾಸ್ ಏಂಜಲೀಸ್ ಲಕ್ಷ್ಮಿ:
ಅದು ಕೊನೇ ಪಂದ್ಯ ಸರ್, ಆಮೇಲೆ ಮೂರು ತಿಂಗಳು ರೆಸ್ಟ್. ಮಾರ್ಟಿನ್ ಏಪ್ರಿಲ್‌ನಿಂದಲೇ ದುಡಿಸಿದವನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಫ್ರೀಮಾಂಟ್ ಅಮ್ಮ:
ತೋಳಿನ ಮಾತು ಬಂತು ಅಂತ ಕೇಳುತ್ತೇನೆ. ನನ್ನ ಮಗನಿಗೆ 11 ವರ್ಷ, ಲಿಟಲ್ ಲೀಗ್ ಆಡುತ್ತಾನೆ. ಅವನ ತಂಡದ ಮ್ಯಾನೇಜರ್ ಇನ್ನೊಂದು ಮಗುವಿನ ಅಪ್ಪ, ಒಳ್ಳೆಯ ಮನುಷ್ಯ, ಆದರೆ ಗೆಲ್ಲುವ ಹಟ ಜಾಸ್ತಿ. ಈ ಶನಿವಾರ ಇವನು 70 ಚೆಂಡು ಎಸೆದ. ಮಂಗಳವಾರ ಮತ್ತೆ ಇವನೇ ಪಿಚರ್ ಅನ್ನುತ್ತಿದ್ದಾರೆ. ಮಗ ಕುಣಿಯುತ್ತಿದ್ದಾನೆ, ನನಗೆ ಹೊಟ್ಟೆಯಲ್ಲಿ ಸಂಕಟ. ಇದು ಸರಿನಾ?

ಬೇ ಏರಿಯಾ ರಾಯರು:
ಸರಿಯಲ್ಲಮ್ಮ. ಲಿಟಲ್ ಲೀಗ್ ನಿಯಮದ ಪ್ರಕಾರ 11-12 ವಯಸ್ಸಿನವರಿಗೆ ದಿನಕ್ಕೆ 85 ಚೆಂಡು ಮಿತಿ. 66 ಅಥವಾ ಜಾಸ್ತಿ ಎಸೆದರೆ ನಾಲ್ಕು ಪೂರ್ತಿ ದಿನ ರೆಸ್ಟ್ ಕೊಡಲೇಬೇಕು. ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ ಎಸೆಯುವಂತಿಲ್ಲ. ಗುರುವಾರಕ್ಕಿಂತ ಮುಂಚೆ ಮೌಂಡ್ ಹತ್ತಿಸಬೇಡಿ. ಸ್ಕೋರ್ ಬರೆಯುವವರ ಹತ್ತಿರ ಚೆಂಡಿನ ಲೆಕ್ಕ ಇರುತ್ತದೆ, ಅದನ್ನು ತೋರಿಸಿ ಕೇಳಿ.

ಅಥ್ಲೆಟಿಕ್ಸ್ ಹಳಬ:
ಶನಿವಾರ ಪಿಚ್ ಮಾಡಿದ ಮೇಲೆ ಕ್ಯಾಚರ್ (ಕ್ರಿಕೆಟ್ ಕೀಪರ್‌ನಂತೆ) ಆಗಿಯೂ ನಿಲ್ಲಿಸಿದರಾ? 41 ಅಥವಾ ಜಾಸ್ತಿ ಎಸೆದವನನ್ನು ಆ ದಿನ ಕ್ಯಾಚರ್ ಮಾಡುವಂತಿಲ್ಲ. ಅದನ್ನೂ ವಿಚಾರಿಸಿ.

ಫ್ರೀಮಾಂಟ್ ಅಮ್ಮ:
ಇಲ್ಲ, ಕ್ಯಾಚರ್ ಮಾಡಲಿಲ್ಲ. ಇವತ್ತು ಸಂಜೆ ಪ್ರಾಕ್ಟೀಸ್ ಇದೆ, ಅಲ್ಲೇ ಅವರ ಹತ್ತಿರ ಮಾತಾಡುತ್ತೇನೆ. ತುಂಬಾ ಥ್ಯಾಂಕ್ಸ್ ರಾಯರೇ. ಮಂಗಳವಾರ ಬೇಕಾದರೆ ಶಾರ್ಟ್‌ಸ್ಟಾಪ್ ಜಾಗದಲ್ಲಿ ಫೀಲ್ಡಿಂಗ್‌ಗೆ ನಿಲ್ಲಲಿ.